ಸತ್ತವರು ಕೂತಿರಬೇಕು

ನಿವೃತ್ತನಾದ ಮೇಲೆ ಹೊಸಬರ ಹತ್ತಿರ ನನ್ನ ಕೆಲಸ ಏನಾಗಿತ್ತು ಎಂದು ಹೇಳುವುದೇ ಒಂದು ಪೀಕಲಾಟ. ಸಹಕಾರನಗರದ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವಾಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಡಿಗ್ರಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ, ನಾಟಕದ ಪೇಪರು ನನ್ನದು ಎನ್ನುತ್ತೇನೆ. "ಓ, ನಾಟಕಾನಾ? ಯಾವ ಸೀರಿಯಲ್ಲಲ್ಲಿ ಬರ್ತಿದ್ರಿ ಸಾರ್?" ಎನ್ನುತ್ತಾರೆ. ನಾನು ಬಣ್ಣ ಹಚ್ಚಿದವನಲ್ಲ, ವೇದಿಕೆ ಹತ್ತಿದರೆ ಕಾಲು ನಡುಗುತ್ತದೆ, ನಾನು ನಾಟಕ ಓದಿಸುತ್ತಿದ್ದವನು ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಓದಿಸೋದೂ ಒಂದು ಕೆಲಸವಾ ಎಂದು ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೆ. ಆಮೇಲೆ ಸಕ್ಕರೆ ಕಾಯಿಲೆಯ ಮಾತಿಗೆ ತಿರುಗುತ್ತಾರೆ.

ಈಗ ಇದನ್ನು ಬರೆಯಲು ಕಾರಣ ನಸ್ರೀನ್. ನನ್ನ ಹಳೆಯ ವಿದ್ಯಾರ್ಥಿನಿ, ಆರ್.ಟಿ. ನಗರದ ಹುಡುಗಿ. ನಾನಿದ್ದ ಕಾಲೇಜಿಗೇ ಈ ವರ್ಷ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದಾಳೆ. "ಸಾರ್, ನೀವು ಕ್ಲಾಸಲ್ಲಿ ಏನ್ ಮಾಡ್ತಿದ್ರಿ ಅಂತ ಬರೆದುಕೊಡಿ. ಗೈಡಲ್ಲಿ ಅದೆಲ್ಲ ಇರಲ್ಲ" ಎಂದಳು. ಬರೆಯುತ್ತೇನೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಂಡತಿ ವತ್ಸಲಾ ತೀರಿಕೊಂಡ ಮೇಲೆ ಮೊನ್ನೆ ಮೊನ್ನೆಯವರೆಗೂ ಒಂದು ನಾಟಕವನ್ನೂ ನನಗೆ ಪೂರ್ತಿಯಾಗಿ ಓದಲು ಆಗಿರಲಿಲ್ಲ. ಹೊಟ್ಟೆಪಾಡಿಗೆ ಇಷ್ಟು ವರ್ಷ ಮಾಡಿದ ಕೆಲಸವೇ ಕೈಬಿಟ್ಟು ಹೋಯಿತೇನೋ ಎಂದು ಒಳಗೊಳಗೇ ಭಯಪಟ್ಟಿದ್ದೆ.

ನಾನು ಕೆಲಸಕ್ಕೆ ಸೇರಿದಾಗ ದೊಡ್ಡ ಪಂಡಿತನ ಹಾಗೆ ತರಗತಿಯೊಳಗೆ ಹೋದವನು. ಮೊದಲ ದಿನದಿಂದಲೇ ದುರಂತ ನಾಟಕದ ಲಕ್ಷಣಗಳನ್ನು ಬರೆಸಲು ಶುರುಮಾಡಿದೆ. ನಾಯಕನ ದೋಷ, ವಿಧಿಯ ಪಾತ್ರ, ಭಾವಶುದ್ಧಿ. ಹುಡುಗರು ಬರೆದರು, ಆಕಳಿಸಿದರು, ಮತ್ತೆ ಬರೆದರು. ಕಿಟಕಿಯ ಕೆಳಗಿನ ಆಟೋ ಸ್ಟ್ಯಾಂಡಿನಲ್ಲಿ ನಡೆಯುತ್ತಿದ್ದ ಜಗಳ ನನ್ನ ಪಾಠಕ್ಕಿಂತ ಸಾವಿರ ಪಾಲು ಚೆನ್ನಾಗಿತ್ತು. ಒಂದು ದಿನ ನಮ್ಮ ವಿಭಾಗದ ಮುಖ್ಯಸ್ಥರು ಅನಂತರಾಮಯ್ಯನವರು ಬಾಗಿಲಲ್ಲಿ ಬಂದು ನಿಂತರು. ಅಂಗಿಯ ಜೇಬಿನಲ್ಲಿ ಸದಾ ಸೀಮೆಸುಣ್ಣ ಇಟ್ಟುಕೊಂಡು ಎದೆಯ ಮೇಲೆಲ್ಲ ಬಿಳಿ ಮಾಡಿಕೊಂಡಿರುತ್ತಿದ್ದ ಮನುಷ್ಯ.

"ಏನಯ್ಯಾ, ಯಾರಾದ್ರೂ ಹೋಗಿಬಿಟ್ರಾ? ಒಬ್ಬರ ಮುಖದಲ್ಲೂ ಕಳೆ ಇಲ್ಲ" ಎಂದರು.

"ಇಲ್ಲ ಸಾರ್, ದುರಂತ ನಾಟಕದ ಲಕ್ಷಣ ಬರೆಸ್ತಿದ್ದೆ."

"ನಾಟಕ ಓದಿದ್ರಾ?"

"ಮೊದಲು ಲಕ್ಷಣ ಮುಗಿಸಿ ಆಮೇಲೆ ಓದೋಣ ಅಂತ ಸಾರ್."

"ಊಟ ಬಡಿಸೋಕೆ ಮುಂಚೆ ಅರಗಿಸ್ಕೊಳ್ಳೋದು ಹೆಂಗೆ ಅಂತ ಹೇಳ್ಕೊಡ್ತಿದ್ದೀಯಲ್ಲಯ್ಯ. ನಾಟಕಕ್ಕೆ ನಾಲ್ಕು ಬಾಯಿ ಬೇಕು. ನೀನೊಬ್ನೇ ಅರಚಿದ್ರೆ ಅದು ಭಾಷಣ" ಎಂದು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡರು.

ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನನ್ನು ತೋರಿಸಿ "ನೀನೇ ರಾಜ, ಏಳಪ್ಪ" ಎಂದರು. ಕಿಸಕ್ಕೆಂದ ಹುಡುಗಿಯನ್ನು ರಾಣಿ ಮಾಡಿದರು. ಪಾತ್ರ ಹಂಚಿ ಓದಿಸುವುದು ಎಂದರೆ ಇದು. ಅಭಿನಯವಿಲ್ಲ, ಓಡಾಟವಿಲ್ಲ, ಕೂತಲ್ಲೇ ತಂತಮ್ಮ ಪಾತ್ರದ ಮಾತು ಬಂದಾಗ ಓದಬೇಕು. ಅವರದ್ದು ಒಂದು ವಿಚಿತ್ರ ನಿಯಮವೂ ಇತ್ತು. ಪಾತ್ರ ವಹಿಸಿದವರು ಆ ದಿನ ಬರದಿದ್ದರೆ ಅವರ ಮಾತನ್ನು ಇನ್ನೊಬ್ಬರು ಓದುವಂತಿಲ್ಲ. ಆ ಮಾತು ಬಂದಾಗ ಎಲ್ಲರೂ ಮನಸ್ಸಿನಲ್ಲೇ ಓದಿಕೊಂಡು ಸುಮ್ಮನಿದ್ದು, ಆಮೇಲೆ ಮುಂದಿನವರು ಶುರುಮಾಡಬೇಕು. ಯಾಕೆ ಸಾರ್ ಎಂದು ಒಮ್ಮೆ ಕೇಳಿದೆ. "ಇಲ್ಲದೋರ ಮಾತನ್ನ ಇನ್ನೊಬ್ರು ಓದಿಬಿಟ್ರೆ ಅವರು ಇಲ್ಲ ಅನ್ನೋದು ಯಾರಿಗಯ್ಯಾ ಗೊತ್ತಾಗುತ್ತೆ?" ಎಂದರು. ಆಗ ಅದು ನನಗೆ ಮುದುಕರ ಹಟ ಅನ್ನಿಸಿತ್ತು. ಆದರೂ ಬಿಡದೆ ಪಾಲಿಸಿದೆ.

ಹೊಸದಾಗಿ ನಾಟಕದ ಪಾಠಕ್ಕೆ ನಿಲ್ಲುವವರು ಒಂದು ವಿಷಯಕ್ಕೆ ಸಿದ್ಧರಾಗಿರಿ. ಮಕ್ಕಳು ಪುಸ್ತಕದಲ್ಲಿ ಅಚ್ಚಾಗಿರುವುದನ್ನೆಲ್ಲ ಓದುತ್ತಾರೆ. ಒಂದು ಆಧುನಿಕ ನಾಟಕ ಪಠ್ಯಕ್ಕೆ ಬಂದಿತ್ತು, ಗಂಡ ಹೆಂಡತಿ ಒಂದು ಕೋಣೆಯಲ್ಲಿ ಕೂತು ಜಗಳವಾಡುವುದೇ ಪೂರ್ತಿ ನಾಟಕ. ಮಾತಿಗಿಂತ ಆವರಣದೊಳಗಿನ ಸೂಚನೆಗಳೇ ಜಾಸ್ತಿ. ಗಂಡನ ಪಾತ್ರದ ಇಮ್ರಾನ್ ಎಂಬ ಹುಡುಗ "ನೀನು ನನ್ನನ್ನು ಯಾವತ್ತೂ ನಂಬಲಿಲ್ಲ ಕಣ್ಣೊರೆಸಿಕೊಂಡು ಕುರ್ಚಿಯ ಮೇಲೆ ಕುಸಿಯುತ್ತಾನೆ" ಎಂದು ಒಂದೇ ಉಸಿರಿಗೆ ಓದಿದ. ಮುಂದೆ 'ಮೌನ' ಎಂದಿತ್ತು. ಅದು ಯಾರ ಮಾತು ಎಂದು ತಿಳಿಯದೆ ಗಂಡನೂ ಹೆಂಡತಿಯೂ ಒಟ್ಟಿಗೇ "ಮೌನ" ಎಂದು ಕೂಗಿದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ನಾನು ಸಿಟ್ಟಿನಲ್ಲಿ ಆವರಣದೊಳಗೆ ಇರುವುದನ್ನು ಯಾರೂ ಓದಕೂಡದು ಎಂದೆ. ಅದು ಇನ್ನೂ ದೊಡ್ಡ ಎಡವಟ್ಟಾಯಿತು. ಮರುದಿನ ಮೌನಗಳೆಲ್ಲ ಹಾರಿಹೋಗಿ, ಒಂದು ಸಂಸಾರ ಮುರಿದು ಬೀಳುವ ಜಗಳ ಬಸ್ ಕಂಡಕ್ಟರು ಹೆಬ್ಬಾಳ, ಕೊಡಿಗೇಹಳ್ಳಿ, ಯಲಹಂಕ ಎಂದು ಕೂಗಿದ ಹಾಗೆ ಮುಗಿದೇ ಹೋಯಿತು. ಮೌನ ಬಂದಾಗ ಒಂದು ಸಲ ಉಸಿರು ಎಳೆದು ಬಿಡಿ ಎಂದೆ. ಎಲ್ಲರೂ ಗೊರಕೆ ಹೊಡೆದ ಹಾಗೆ ಸದ್ದು ಮಾಡಿದರು. ಕೊನೆಗೆ ನಾನೇ ಕೈ ಎತ್ತುವುದು, ಇಳಿಸುವವರೆಗೆ ಯಾರೂ ಬಾಯಿಬಿಡದಿರುವುದು ಎಂದಾಯಿತು. ಟ್ರಾಫಿಕ್ ಪೊಲೀಸಪ್ಪ ಎಂದು ನನಗೆ ಹೆಸರಿಟ್ಟರು. ಇಡಲಿ, ನಾಟಕ ಉಳಿಯಿತಲ್ಲ.

ಇನ್ನೊಬ್ಬನನ್ನು ಮರೆಯುವ ಹಾಗೇ ಇಲ್ಲ. ಯಲಹಂಕದ ಆಚೆಯ ಹಳ್ಳಿಯಿಂದ ಬರುತ್ತಿದ್ದ ಮಂಜುನಾಥ. ಅವನಿಗೆ ಕೊಟ್ಟಿದ್ದ ಪಾತ್ರ ಎರಡನೆಯ ದೃಶ್ಯದಲ್ಲೇ ಕೊಲೆಯಾಗುತ್ತದೆ. ತನ್ನ ಕೊನೆಯ ಮಾತು ಓದಿದವನೇ ಚೀಲ ಹೆಗಲಿಗೇರಿಸಿಕೊಂಡು ಎದ್ದು ನಿಂತ.

"ಸಾ, ನಾನ್ ಸತ್ತೋದೆ. ಓಗ್ಲಾ? ಮನೇತಾವ ಕೆಲ್ಸ ಐತೆ."

"ಕೂತ್ಕೊಳೋ. ಸತ್ತವರು ಕೂತಿರಬೇಕು" ಎಂದೆ. ಹಾಗೊಂದು ನಿಯಮ ಅಲ್ಲಿಯವರೆಗೆ ಇರಲಿಲ್ಲ, ಅವನನ್ನು ತಡೆಯಲು ಬಾಯಿಗೆ ಬಂದದ್ದು. "ಇನ್ನು ಮೇಲೆ ಎಲ್ಲರೂ ನಿನ್ನ ಬಗ್ಗೇನೇ ಮಾತಾಡ್ತಾರೆ, ಕೇಳು."

ಮುಖ ಊದಿಸಿಕೊಂಡು ಕೂತ. ನಾಟಕ ಮುಗಿಯುವ ಹೊತ್ತಿಗೆ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಹೊರಗೆ ಬಂದ ಮೇಲೆ ನನ್ನ ಪಕ್ಕ ನಡೆಯುತ್ತಾ, "ಬದ್ಕಿದ್ದಾಗ ಒಬ್ನೂ ನನ್ ಮಾತು ಕೇಳ್ನಿಲ್ಲ ಸಾ. ಸತ್ ಮ್ಯಾಲೆ ಎಲ್ರ ಬಾಯಲ್ಲೂ ನಂದೇ ಮಾತು. ಇಂಗೇನಾ?" ಎಂದ. ಹಿಂಗೇ ಕಣಪ್ಪ ಎಂದೆ. ಅವತ್ತಿನಿಂದ ಅದೂ ನಮ್ಮ ತರಗತಿಯ ಕಾನೂನಾಯಿತು. ಸತ್ತ ಪಾತ್ರದವರು ಕೊನೆಯ ಸಾಲಿನವರೆಗೆ ಏಳುವಂತಿಲ್ಲ.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ತರಗತಿಯಲ್ಲಿ ಓದಿಸುವ ನಾಟಕವನ್ನು ಮೇಷ್ಟ್ರು ಮೊದಲು ಮನೆಯಲ್ಲಿ ಬಾಯಿಬಿಟ್ಟು ಓದಿರಬೇಕು. ಒಬ್ಬನೇ ಓದಿದರೆ ರಾಜನೂ ರಾಣಿಯೂ ಕಾವಲುಗಾರನೂ ನನ್ನ ಹಾಗೇ ಮಾತಾಡುತ್ತಿದ್ದರು. ಅದಕ್ಕೆ ವತ್ಸಲಾಳನ್ನು ಎಳೆದು ಕೂರಿಸಿದೆ. ಅವಳು ಗಂಗಾನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಸಾಹಿತ್ಯ ಎಂದರೆ ಅಷ್ಟಕ್ಕಷ್ಟೆ. "ಒಂದು ಮಾತನ್ನ ನೆಟ್ಟಗೆ ಹೇಳೋಕೆ ಬರದೇ ಇರೋರು ಬರೆಯೋದು ಇದೆಲ್ಲ" ಎನ್ನುತ್ತಿದ್ದಳು. ಸಂಜೆ ಸ್ಕೂಲಿನಿಂದ ಬಂದು ಊಟದ ಮೇಜಿನ ಆ ಕಡೆ ಹುರುಳಿಕಾಯಿ ಹೆಚ್ಚುತ್ತಾ ಕೂರುವಳು, ಈ ಕಡೆ ನಾನು. "ನನ್ನ ಸರದಿ ಬಂದ್ರೆ ಹೇಳಿ" ಎಂದು ಪುಸ್ತಕವನ್ನು ಹೆಚ್ಚುವ ಮಣೆಗೆ ಒರಗಿಸಿ ಇಟ್ಟುಕೊಳ್ಳುತ್ತಿದ್ದಳು.

ನಾವು ಅತಿ ಹೆಚ್ಚು ಸಲ ಓದಿದ್ದು ಒಂದು ದುರಂತ ನಾಟಕ. ಪಠ್ಯದಲ್ಲಿ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಮನೆಯಲ್ಲಿ ನಾವು ಅದನ್ನು ಕೋಟೆ ಬಾಗಿಲಿನ ನಾಟಕ ಎನ್ನುತ್ತಿದ್ದೆವು. ಶತ್ರುಗಳು ಮುತ್ತಿಗೆ ಹಾಕಿದ್ದಾರೆ. ರಾಜ ಕೋಟೆಯ ಬಾಗಿಲು ಹಾಕಿಸಿ, ಯಾರಿಗೂ ತೆಗೆಯಕೂಡದು ಎಂದು ಆಜ್ಞೆ ಮಾಡಿದ್ದಾನೆ. ತಡವಾಗಿ ಬಂದ ಅವನ ಮಗನೇ ಹೊರಗೆ ಉಳಿದುಬಿಡುತ್ತಾನೆ. ಆಜ್ಞೆ ಎಲ್ಲರಿಗೂ ಒಂದೇ ಎಂದು ರಾಜ ಉದ್ದುದ್ದ ಮಾತಾಡುತ್ತಾನೆ. ರಾಣಿಯದ್ದು ಹೆಚ್ಚೂಕಡಿಮೆ ಒಂದೇ ಮಾತು, ಬಾಗಿಲು ತೆಗೆಸಿ. ಮಗ ಹೊರಗೇ ಸಾಯುತ್ತಾನೆ, ರಾಣಿ ಒಳಗೆ ಕೊರಗಿ ಸಾಯುತ್ತಾಳೆ. ಕೊನೆಯ ಅಂಕದಲ್ಲಿ ಸತ್ತ ರಾಣಿಯ ಪಕ್ಕ ಕೂತು ರಾಜ ಒಬ್ಬನೇ ಮಾತಾಡುತ್ತಾನೆ.

ವತ್ಸಲಾ "ಬಾಗಿಲು ತೆಗೆಸಿ" ಎಂದರೆ ಹೊರಗೆ ಗ್ಯಾಸ್ ಸಿಲಿಂಡರಿನವನು ನಿಂತಿದ್ದಾನೆ ಅನ್ನಿಸುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೂ ನನ್ನ ಓದು ಸಹಿಸಲಾಗುತ್ತಿರಲಿಲ್ಲ. ನಾನು ದನಿ ಏರಿಸಿದ ಕೂಡಲೇ ಚಾಕುವಿನ ಹಿಡಿಯಿಂದ ಮೇಜು ಕುಟ್ಟುತ್ತಿದ್ದಳು.

"ರೀ, ಓದ್ತಿದ್ದೀರೋ, ಮೈಮೇಲೆ ಏನಾದ್ರೂ ಬಂದಿದೆಯೋ? ನಾಟಕ ಮಾಡ್ಬೇಡಿ, ಓದಿ."

"ಇದು ರಾಜನ ಮಾತು ಕಣೇ."

"ರಾಜ ಆದ್ರೇನು, ಹೆಂಡ್ತಿ ಜೊತೆ ತಾನೆ ಮಾತಾಡ್ತಿರೋದು? ಹೆಂಡ್ತಿ ಹತ್ರ ಯಾರ್ರೀ ಹಿಂಗ್ ಕೂಗಾಡ್ತಾರೆ?"

ಮರುದಿನ ತರಗತಿಯಲ್ಲಿ ಆ ಮಾತನ್ನು ಇಳಿದ ದನಿಯಲ್ಲಿ ಓದಿ ತೋರಿಸಿದೆ. ಹಿಂದಿನ ಬೆಂಚಿನವರು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದರು. ಮನೆಗೆ ಬಂದು ಅವಳಿಗೆ ಹೇಳಲಿಲ್ಲ, ಹೇಳಿದ್ದರೆ ಅವಳನ್ನು ಹಿಡಿಯುವವರು ಇರುತ್ತಿರಲಿಲ್ಲ. ರಾಣಿ ಸತ್ತ ಮೇಲೆ ಅವಳು ಎದ್ದು ಒಲೆಯ ಕಡೆಗೆ ಹೋಗಬಹುದಾಗಿತ್ತು. "ನಿಮ್ಮ ಕಾಲೇಜಿನ ಕಾನೂನು, ಏಳೋ ಹಾಗಿಲ್ವಲ್ಲ" ಎಂದು ಹೆಚ್ಚಿದ ಕಾಯಿ ಮುಂದಿಟ್ಟುಕೊಂಡು ರಾಜನ ಕೊನೆಯ ಮಾತಿನವರೆಗೂ ಕೂತಿರುತ್ತಿದ್ದಳು. ಪ್ರತಿ ಸಲವೂ ಕೂತಿರುತ್ತಿದ್ದಳು.

ಕಾಲ ಬದಲಾಯಿತು. ವರ್ಷದ ಪಾಠ ಸೆಮಿಸ್ಟರಿಗೆ ಇಳಿಯಿತು. ನಾಟಕವನ್ನು ಪೂರ್ತಿ ಓದಿಸಲು ಸಮಯವಿಲ್ಲ, ಮುಖ್ಯ ದೃಶ್ಯ ಮಾತ್ರ ಮಾಡಿ ಎಂದು ಹೊಸ ಪ್ರಿನ್ಸಿಪಾಲರು ಹೇಳಿದರು. ಹಾಗಾದರೆ ಸಿನಿಮಾಕ್ಕೆ ಹೋದಾಗ ಟ್ರೇಲರ್ ನೋಡಿ ಎದ್ದು ಬನ್ನಿ ಸಾರ್ ಎಂದೆ. ಅವರಿಗೂ ನನಗೂ ಅಲ್ಲಿಂದ ಎಣ್ಣೆ ಸೀಗೆಕಾಯಿ. ಪುಸ್ತಕ ಹೋಗಿ ಮೊಬೈಲು ಬಂತು. ಒಬ್ಬೊಬ್ಬರ ಪರದೆಯಲ್ಲಿ ಒಂದೊಂದು ಪುಟ. ರಾಣಿ ಮಾತಾಡಬೇಕಾದಾಗ ರಾಣಿಗೆ ಯಾರದ್ದೋ ಫೋನು ಬಂದಿರುತ್ತಿತ್ತು. ಬೈದೆ, ಕೂಗಾಡಿದೆ, ಆಮೇಲೆ ನಾನೂ ಅದಕ್ಕೇ ಹೊಂದಿಕೊಂಡೆ.

ಲಾಕ್‌ಡೌನಿನ ಪಾಠವಂತೂ ಯಾವ ಶತ್ರುವಿಗೂ ಬೇಡ. ಸ್ಟೀಲಿನ ಡಬ್ಬಕ್ಕೆ ಮೊಬೈಲು ಒರಗಿಸಿಕೊಂಡು ಊಟದ ಮೇಜಿನಲ್ಲೇ ಕೂತು ಕಪ್ಪು ಚೌಕಗಳಿಗೆ ಪಾಠ ಮಾಡಿದೆ. ಕೋಟೆ ಬಾಗಿಲಿನ ನಾಟಕವೇ. ರಾಣಿಯ ಪಾತ್ರದವಳಿಗೆ ನೆಟ್‌ವರ್ಕ್ ಹೋಯಿತು. ನಾನು ನಿಯಮದಂತೆ ಸುಮ್ಮನೆ ಕೂತೆ. ಸಾರ್ ಪರದೆಯಲ್ಲಿ ಅಂಟಿಕೊಂಡುಬಿಟ್ಟರು ಎಂದುಕೊಂಡು ಮಕ್ಕಳು ಒಬ್ಬೊಬ್ಬರೇ ಜಾಗ ಖಾಲಿ ಮಾಡತೊಡಗಿದರು. ಎದುರಿಗಿದ್ದ ವತ್ಸಲಾಗೆ ನನ್ನ ಮುಖ ನೋಡಿ ಏನನ್ನಿಸಿತೋ, ಈ ಕಡೆ ಬಾಗಿ "ಬಾಗಿಲು ತೆಗೆಸಿ" ಎಂದಳು. ಅನಂತರಾಮಯ್ಯನವರ ನಿಯಮ ನನ್ನ ಮುಂದೆ ಮುರಿದದ್ದು ಅದೊಂದೇ ಸಲ. ನಾಟಕ ಮತ್ತೆ ಹೊರಟಿತು. ಸ್ವಲ್ಪ ಹೊತ್ತಿಗೆ ನಾನು ದನಿ ಏರಿಸಿದೆ, ಚಾಕುವಿನ ಹಿಡಿ ಕುಟ್ಟಿತು.

"ಸಾರ್, ನಿಮ್ಮನೇಲಿ ಯಾರೋ ಬಾಗಿಲು ತಟ್ತಿದಾರೆ" ಎಂದಿತು ಒಂದು ಕಪ್ಪು ಚೌಕ. ಅದು ನಸ್ರೀನ್.

ನಾನು ನಿವೃತ್ತನಾದ ಮರುವರ್ಷ ವತ್ಸಲಾ ಹೋದಳು. ಸುಸ್ತು ಎಂದಳು, ಆಸ್ಪತ್ರೆಗೆ ಸೇರಿಸಿದೆ, ವಾಪಸು ಕರೆದುಕೊಂಡು ಬರಲಾಗಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಒಂಟಿತನ ಎಂದರೆ ಏನೋ ದೊಡ್ಡದು ಎಂದುಕೊಂಡಿದ್ದೆ, ನಾಟಕಗಳಲ್ಲಿ ಹಾಗೇ ಇರುತ್ತಿತ್ತು. ನನಗೆ ಬಂದದ್ದು ಬೇರೆ ಥರದ್ದು. ಟೀವಿಯಲ್ಲಿ ಯಾರೋ ತಪ್ಪು ಕನ್ನಡ ಮಾತಾಡಿದರೆ ಬೈಯುತ್ತೇನೆ, ಬೈದದ್ದನ್ನು ಕೇಳುವವರಿಲ್ಲ. ಒಬ್ಬನಿಗೆ ಅಡುಗೆ ಮಾಡಿ ಎಂದರೆ ಅಡುಗೆಯ ಮಂಜಮ್ಮನಿಗೂ ಬೇಸರ. ಕತೆ ಕಾದಂಬರಿಯನ್ನು ಒಬ್ಬನೇ ಓದಬಹುದು, ನಾಟಕ ಹಾಗಲ್ಲ. ಸಂಜೆ ಮೇಜಿನ ಮುಂದೆ ಕೂತು ರಾಜನ ಮಾತು ಓದುತ್ತೇನೆ, ರಾಣಿಯ ಮಾತು ಬರುತ್ತದೆ, ಸುಮ್ಮನಾಗುತ್ತೇನೆ. ತರಗತಿಯಲ್ಲಾದರೆ ಸುಮ್ಮನಿದ್ದ ಮೇಲೆ ಮುಂದಿನವರು ಶುರುಮಾಡುತ್ತಿದ್ದರು. ಇಲ್ಲಿ ಮುಂದಿನವನೂ ನಾನೇ. ಬಾಯಿ ಏಳುತ್ತಿರಲಿಲ್ಲ. ಇಲ್ಲದವರು ಇಲ್ಲ ಎಂದು ಗೊತ್ತಾಗಬೇಕು ಎಂದಿದ್ದರಲ್ಲ ಅನಂತರಾಮಯ್ಯನವರು, ಚೆನ್ನಾಗಿಯೇ ಗೊತ್ತಾಯಿತು. ಪುಸ್ತಕ ಮುಚ್ಚಿ ಎತ್ತಿಟ್ಟೆ. ಬೇರೆ ನಾಟಕಗಳೂ ಒಂದು ಪುಟ, ಎರಡು ಪುಟಕ್ಕೆ ನಿಂತುಹೋದವು.

ಹೀಗಿರುವಾಗ ಒಂದು ದಿನ ನಸ್ರೀನ್ ಫೋನು ಮಾಡಿದಳು. ಕೋಟೆ ಬಾಗಿಲಿನ ನಾಟಕ ಮತ್ತೆ ಪಠ್ಯಕ್ಕೆ ಬಂದಿದೆ, ಸೋಮವಾರ ಶುರುಮಾಡಬೇಕು, ಮನೆಗೆ ಬರಲೇ ಎಂದಳು.

"ಅದೊಂದು ಬಿಟ್ಟು ಇನ್ನೇನಾದ್ರೂ ಕೇಳಮ್ಮ" ಎಂದೆ.

"ಮಕ್ಕಳು ಬಾಯೇ ಬಿಡ್ತಿಲ್ಲ ಸಾರ್. ನಿಮ್ಮ ಥರ ಓದಿಸ್ಬೇಕು ಅಂತ ಆಸೆ. ಇದು ಕೈಕೊಟ್ರೆ ನಾನೂ ನೋಟ್ಸ್ ಬರೆಸಿ ಕೂತ್ಕೊಳ್ತೀನಿ ಅಷ್ಟೆ."

ಬರಬೇಡ ಎಂದರೂ ಶನಿವಾರ ಸಂಜೆ ಬಂದೇಬಿಟ್ಟಳು. ಕೈಯಲ್ಲಿ ಆರ್.ಟಿ. ನಗರದ ಬೇಕರಿಯ ಬಿಸ್ಕತ್ತಿನ ಪೊಟ್ಟಣ. "ಅಮ್ಮಿ ಕಳಿಸಿದಾರೆ, ನೀವು ಬೈದ್ರೆ ಅವರಿಗೆ ಬೇಜಾರಾಗುತ್ತೆ" ಎಂದು ಮೊದಲೇ ನನ್ನ ಬಾಯಿ ಕಟ್ಟಿದಳು. ಅವಳಿಗೆ ಗೊತ್ತಿಲ್ಲದೆ ವತ್ಸಲಾಳ ಕುರ್ಚಿಯಲ್ಲಿ ಕೂರಲು ಹೋದಳು. ನಾನು ತಡವರಿಸಿದ್ದನ್ನು ಕಂಡು ಪಕ್ಕದ ಕುರ್ಚಿ ಎಳೆದುಕೊಂಡಳು.

ಎರಡು ಪ್ರತಿ ತಂದೆ. ವತ್ಸಲಾಳ ಪ್ರತಿಯಲ್ಲಿ ಅರಿಸಿನದ ಕಲೆ ಹಾಗೇ ಇತ್ತು. ರಾಜನ ಮೊದಲ ಮಾತು ಓದಿದೆ. ರಾಣಿಯ ಮಾತು ಬಂತು. ಸುಮ್ಮನಾದೆ. ನಸ್ರೀನಳೂ ತಲೆ ತಗ್ಗಿಸಿ ಸುಮ್ಮನೆ ಕೂತಳು, ಆ ಮಾತಿಗೆ ಎಷ್ಟು ಹೊತ್ತು ಬೇಕೋ ಅಷ್ಟು. ಆಮೇಲೆ ಕೇಳಿದಳು.

"ರಾಣಿ ಆಬ್ಸೆಂಟಾ ಸಾರ್?"

"ಹೂಂ" ಎಂದೆ.

ನಸ್ರೀನ್ ಮುಂದಿನ ಪುಟಗಳನ್ನು ತಿರುವಿ ನೋಡಿದಳು. ಆಮೇಲೆ, "ಸಾರ್, ರಾಜನ ಉದ್ದುದ್ದ ಮಾತು ಓದೋಕೆ ನಮ್ಮ ಹುಡುಗರು ಯಾರೂ ಒಪ್ಪಲ್ಲ. ಮೊದಲನೇ ದಿನ ನಾನೇ ಓದ್ಬೇಕಾಗುತ್ತೆ. ರಾಜನ್ನ ನನಗೆ ಕೊಡಿ" ಎಂದಳು.

"ಮತ್ತೆ ನಾನು?"

"ನೀವು ರಾಣಿ. ನಿಯಮ ಮುರಿದಂಗಾಗಲ್ಲ ಸಾರ್, ಇದು ಹೊಸ ಕ್ಲಾಸು. ಪಾತ್ರ ಹೊಸದಾಗಿ ಹಂಚಿದೀವಿ."

ಇಷ್ಟು ವರ್ಷದಲ್ಲಿ ರಾಜನ ಪಾತ್ರವನ್ನು ಮನೆಯಲ್ಲಿ ಯಾರಿಗೂ ಬಿಟ್ಟುಕೊಟ್ಟವನಲ್ಲ ನಾನು. ಆದರೂ ನನ್ನ ಪ್ರತಿಯನ್ನು ಅವಳ ಕಡೆ ತಳ್ಳಿ, ಅರಿಸಿನದ ಕಲೆಯ ಪ್ರತಿ ಹಿಡಿದುಕೊಂಡು, ಎದ್ದು ಮೇಜಿನ ಆ ಕಡೆ ಹೋಗಿ ವತ್ಸಲಾಳ ಕುರ್ಚಿಯಲ್ಲಿ ಕೂತೆ.

ರಾಣಿಯ ಪಾತ್ರ ಓದುವುದು ಅಂದರೆ ಏನು ಎಂದು ಆಗ ತಿಳಿಯಿತು. ಓದುವುದು ಚೂರು, ಕಾಯುವುದೇ ಹೆಚ್ಚು. ಎದುರಿಗಿರುವವನು ನೀತಿ, ಧರ್ಮ, ಆಜ್ಞೆ ಎಂದು ಪುಟಗಟ್ಟಲೆ ಮಾತಾಡುತ್ತಾನೆ. ಎಲ್ಲವನ್ನೂ ಕೇಳಿಸಿಕೊಂಡು, ಕೊನೆಯಲ್ಲಿ ಅದೇ ಒಂದು ಮಾತು. "ಬಾಗಿಲು ತೆಗೆಸಿ" ಎಂದೆ. ನನ್ನ ಬಾಯಲ್ಲೂ ಅದು ಸಿಲಿಂಡರಿನವನಿಗೆ ಬಾಗಿಲು ತೆಗೆಸುವ ಹಾಗೇ ಬಂತು. ಅಷ್ಟು ಹೊತ್ತು ಕಾದ ಮೇಲೆ ಆ ಮಾತು ಬೇರೆ ಥರ ಬರುವುದೇ ಇಲ್ಲ.

ಎರಡನೆಯ ಅಂಕದಲ್ಲಿ ನಸ್ರೀನಳಿಗೆ ಆವೇಶ ಬಂದು ದನಿ ಮೇಲಕ್ಕೆ ಹೋಯಿತು. ನನ್ನ ಬೆರಳ ಗೆಣ್ಣು ಮೇಜು ಕುಟ್ಟಿತು.

"ನಾಟಕ ಮಾಡ್ಬೇಡ, ಓದು" ಎಂದೆ.

"ಯಾರೋ ಬಾಗಿಲು ತಟ್ಟಿದ್ರು ಸಾರ್" ಎಂದಳು ಪುಸ್ತಕದಿಂದ ತಲೆ ಎತ್ತದೆ. ಇಬ್ಬರೂ ನಕ್ಕೆವು. ಆ ಮೇಜಿನಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ರಾಣಿ ಸತ್ತಳು. ನನ್ನ ಮಾತುಗಳು ಮುಗಿದವು. ಕಣ್ಣು ಒದ್ದೆಯಾಗಿತ್ತು, ಅವಳ ಮುಂದೆ ಬೇಡ ಎನ್ನಿಸಿ, "ಕಾಫಿ ಮಾಡ್ಕೊಂಡು ಬರ್ತೀನಿ, ನೀನು ಓದ್ತಾ ಇರು" ಎಂದು ಎದ್ದೆ.

"ಸಾರ್, ಕೂತ್ಕೊಳ್ಳಿ" ಎಂದಳು ನಸ್ರೀನ್. "ಸತ್ತವರು ಕೂತಿರಬೇಕು."

ಕೂತೆ.

ಅವಳು ಕೊನೆಯ ಅಂಕ ಓದತೊಡಗಿದಳು. ಈಗ ಆವೇಶವಿಲ್ಲ, ದನಿ ಇಳಿದಿತ್ತು. ಆ ಮಾತುಗಳಲ್ಲಿ ರಾಜ್ಯದ ವಿಷಯವೇ ಬರುವುದಿಲ್ಲ. ಸಂಜೆಯಾಯಿತು, ದೀಪ ಹಚ್ಚುವುದು ಮರೆತೆ ಎನ್ನುತ್ತಾನೆ ರಾಜ. ನಾನು ತಪ್ಪಿದರೆ ತಿದ್ದುವವರು ಯಾರೂ ಇಲ್ಲ ಎನ್ನುತ್ತಾನೆ. ನೀನು ಹೇಳಿದ್ದು ಒಂದೇ ಮಾತು, ಅದನ್ನು ಕೇಳಬೇಕಾಗಿತ್ತು ಎನ್ನುತ್ತಾನೆ. ಈ ಮನೆಯಲ್ಲಿ ಒಬ್ಬನೇ ಓಡಾಡಿಕೊಂಡು ವತ್ಸಲಾಗೆ ಹೇಳಬೇಕು, ಹೇಳದೆ ಉಳಿಯಿತು ಎಂದು ನಾನು ಎದೆ ಬಡಿದುಕೊಳ್ಳುತ್ತಿದ್ದುದು ಇದನ್ನೇ. ಒಂದು ಮಾತೂ ಹೊಸದಲ್ಲ. ಇದೇ ಮೇಜಿನ ಆ ಕಡೆ ಕೂತು ಇದನ್ನೆಲ್ಲ ನಾನು ನನ್ನ ಬಾಯಿಂದಲೇ ಅವಳಿಗೆ ಹೇಳಿದ್ದೆ, ಒಂದು ಸಲವಲ್ಲ, ನಾಟಕ ಪಠ್ಯಕ್ಕೆ ಬಂದಾಗಲೆಲ್ಲ ಹೇಳಿದ್ದೆ. ಒಲೆಯ ಮೇಲೆ ಕೆಲಸವಿದ್ದರೂ ಅವಳು ಏಳದೆ, ಈ ಕುರ್ಚಿಯಲ್ಲಿ ಕೂತು, ಕೊನೆಯ ಮಾತಿನವರೆಗೂ ಕೇಳಿಸಿಕೊಂಡು ಹೋಗಿದ್ದಳು.

ನಸ್ರೀನ್ ಓದಿ ಮುಗಿಸುವವರೆಗೆ ನಾನು ಏಳಲಿಲ್ಲ.